ಬೇಡ ಅಂದಿದ್ದು ಯಾವುದಕ್ಕೆ

೨೦೨೫ರ ಜುಲೈ ೧೪, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಕೊಡಿಗೇಹಳ್ಳಿ ಗೇಟಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಭೌತಶಾಸ್ತ್ರದ ಉಪನ್ಯಾಸಕಿ ವೇದಾಳ ಕಿವಿ, ಪಕ್ಕದಲ್ಲಿ ನಿಂತಿದ್ದ ಇಬ್ಬರು ಗೆಳತಿಯರ ಮಾತಿಗೆ ಅಂಟಿಕೊಂಡಿತು. ಒಬ್ಬಳು ಊರುಗೋಲು ಹಿಡಿದಿದ್ದ ಜಹೀರಾ, ಇನ್ನೊಬ್ಬಳು ಪದ್ಮಶ್ರೀ.

“ಮನೆ ಸಿಕ್ತಾ ಜಹೀರಾ?”

“ಎಲ್ಲಿ? ಓನರು ಫೋನಲ್ಲಿ ಬನ್ನಿ ಅಂದಿದ್ರು. ನನ್ನ ನೋಡಿ, ಹೆಸರು ಕೇಳಿದ್ಮೇಲೆ, ಆ ಮನೆಗೆ ನಮ್ಮ ಅಳಿಯಾನೇ ಬರ್ತಾನೆ ಅಂದ್ರು. ಟು-ಲೆಟ್ ಬೋರ್ಡು ಇನ್ನೂ ನೇತಾಡ್ತಿದೆ. ತಿಂಗಳ ಕೊನೆಗೆ ಈಗಿರೋ ಮನೆ ಬಿಡ್ಬೇಕು ಕಣೇ.”

“ಕಂಪ್ಲೇಂಟ್ ಕೊಡು.”

“ಯಾರಿಗೆ? ಹೆಂಗಸು ಅನ್ನೋದಕ್ಕೊಂದು ಆಯೋಗ, ಮುಸ್ಲಿಂ ಅನ್ನೋದಕ್ಕೊಂದು, ಈ ಕಾಲಿಗೆ ಇನ್ನೊಂದು ಆಫೀಸು. ಬೇಡ ಅಂದಿದ್ದು ಯಾವುದಕ್ಕೆ ಅಂತ ಓನರನ್ನೇ ಕೇಳ್ಬೇಕಿತ್ತು.”

“ಮೂರಕ್ಕೂ ಇರ್ಬೋದು. ಧಾರಾಳ ಮನುಷ್ಯ.”

ಜಹೀರಾ ನಕ್ಕಳು. “ಅದಕ್ಕೇ ಇಡೀ ದೇಶಕ್ಕೆ ಸಮಾನತೆಗೆ ಅಂತ ಒಂದೇ ಆಯೋಗ ಮಾಡ್ಲಿ ಅನ್ನೋದು. ನಾನೂ ಒಬ್ಬಳೇ ತಾನೇ ಇರೋದು?”

“ಮಾಡೋ ತನಕ ಬೀದೀಲಿರ್ತೀಯಾ? ಒಂದೇ ಅರ್ಜಿ ಬರ್ದು ಮೂರು ಕಡೆಗೂ ಕೊಡೋಣ, ಇವತ್ತೇ. ಆಟೋ ಬಂತು, ನಡಿ.”

ಪದ್ಮಶ್ರೀ ಭುಜ ಕೊಟ್ಟಳು. ಆದರೂ ಫುಟ್‌ಪಾತಿನಿಂದ ಇಳಿಯಲು ಜಹೀರಾ ಎರಡು ಸಲ ಪ್ರಯತ್ನಿಸಬೇಕಾಯಿತು. ಆಟೋ ಹೊರಟ ಮೇಲೆ ವೇದಾ ಚೀಲದಿಂದ ಸ್ಕೇಲು ತೆಗೆದು ಬಗ್ಗಿದಳು. ಫುಟ್‌ಪಾತಿನ ಎತ್ತರ ಇಪ್ಪತ್ತೇಳು ಸೆಂಟಿಮೀಟರ್ ಇತ್ತು; ಹದಿನೈದು ಮೀರಬಾರದು ಅನ್ನುವುದು ನಿಯಮ.