ಕಮೀಸಿನ ತೋಳು

ನಗ್ತೀಯೇನ್ಲಾ ಚಿಕ್ಕಬೋರಯ್ಯ? ನಗು, ನಗು! ನನ್ ಮಗ ಮಜೀದ ಏಳಿದ್ನ ಕೇಳ್ದಾಗ ನಂಗೂ ಇಂಗೇ ನಗು ಬಂದಿತ್ತು. ಮದ್ದೂರು ಪೇಟೇಲಿ ತಲೆ ನರೆಯೋಗಂಟ ಕಮೀಸು ಒಲ್ದೋನು ಈ ಹುಸೇನ್ ಸಾಬಿ. ನನ್ನೇ ಕೇಳ್ತಾನೆ, ‘ಕಮೀಸು ಅನ್ನೋ ಮಾತು ಎಲ್ಲಿಂದ ಬಂತು ಗೊತ್ತಾ ಅಬ್ಬಾ?’ ಅಂತ! ಲೇ, ಕಮೀಸು ತೊಟ್ಕಂಡು ಕುಣೀಬ್ಯಾಡ, ಇನ್ನೂ ಕಚ್ಚಾ ಒಲಿಗೆ, ಟಾಕು ಕಿತ್ತೋಯ್ತದೆ. ಮಗಳ ಧಾರೆಗೆ ಅಂತ ರೇಷನ್ನಿನ ಕಂಟ್ರೋಲ್ ಬಟ್ಟೆ ತಂದಿದ್ದೀಯೆ. ಟೇಪೇ ಇಡಿದಿಲ್ಲ ನಾನು. ಕಣ್ಣಳತೆ! ಒಂದಿಂಚೂ ತಪ್ಪಿಲ್ಲ.

ಬೆಂಗಳೂರಲ್ಲಿ ಯುದ್ಧದಾಗೆ ಸಿಕ್ಕ ಇಟಲಿ ಕೈದಿಗಳ್ನ ಕಾಯೋ ಸಿಪಾಯಿ ಅವ್ನು. ಕೋವಿ ಇಡ್ಕಂಡು ಕಾಯೋ ಅಂದ್ರೆ, ಕೈದಿ ಪಾದ್ರಿ ಪಕ್ಕ ಕೂತು ಮಾತು ಕಲ್ತವ್ನೆ! ಇಟಲಿಯೋರು ಕಮೀಚ ಅಂತಾರಂತೆ. ಸ್ಪೇನಿನೋರು ಕಮೀಸ. ಫ್ರೆಂಚರು ಸೆಮೀಜು. ಎಲ್ಲಾ ಲ್ಯಾಟಿನ್ ಅನ್ನೋ ಒಂದೇ ತಾಯಿ ಮಕ್ಕಳಂತೆ! ಆ ಕಾಲದ ಸಿಪಾಯಿಗಳು ಮೈಗಂಟ್ಕಂಡಂಗೆ ತೊಡ್ತಿದ್ದ ಬಟ್ಟೆಗೆ ಆ ಎಸರಂತೆ... ಥೂ! ಒಂದು ಕಾಜಾ ನೆಟ್ಟಗೆ ಒಲಿಯಕ್ಕೆ ಬರಲ್ಲ, ಎಸರಿಗೆ ಜಾತಕ ಬರೀತಾನೆ!

ಏನು? ನಮ್ ಕಮೀಸು ಎಲ್ಲೀದು ಅಂತೀಯಾ? ಅರಬ್ಬೀದು ಕಣ್ಲಾ! ಮಸೀದೀಲಿ ಏಳೋ ಕತೇಲೇ ಆ ಮಾತೈತೆ. ಮಗ ಇಲ್ಲಾ ಅಂತ ಅತ್ತು ಅತ್ತು ಕಣ್ ಕಳ್ಕಂಡ ಅಪ್ಪ... ಮಗನ ಕಮೀಸು ಮೊಕಕ್ಕಿಟ್ರೆ ಕಣ್ಣು ಬಂತಂತೆ... ಬುಡು ಅದ್ನ.

‘ಅಂಗಾದ್ರೆ ಅವ್ರ ಮಾತೂ ನಮ್ ಮಾತೂ ನೆಂಟ್ರೇನೋ ಅಬ್ಬಾ’ ಅಂದ ಮಜೀದ. ಕೈದಿಗಳ ಜೊತೆ ನೆಂಟಸ್ತನ! ಓಗು, ಅವ್ರತಾವೇ ಬಿದ್ದಿರು ಅಂದೆ. ಒಂಟೋದ. ರಂಜಾನಿಗೂ ಬರ್ನಿಲ್ಲ. ಬರ್ದಿದ್ರೆ ನಂಗೇನು? ನೆಪ್ಪೂ ಆಗಕಿಲ್ಲ!

ಆಂ, ಕೈ ಚಾಚು... ಯಾಕ್ಲಾ, ಬೆರಳೆಲ್ಲಿ ನಿನ್ವು? ತೋಳೊಳಗೇ ಓದ್ವಾ? ಇದೆಂಗಾಯ್ತು... ಭುಜಾನೂ ಜೋತಾಡ್ತಾ ಐತಲ್ಲ!

ಬಯ್ಯೋ. ಧಾರೆ ಬಟ್ಟೆ ಆಳುಮಾಡ್ದೆ ಅನ್ನು.

...ಉದ್ದ ಕಣ್ಲಾ ಮಜೀದನ ತೋಳು. ಅವರಮ್ಮನಂಗೆ.

ಬಿಚ್ಕೊಡು. ತೋಳು ಕತ್ತರಿಸಿ, ಭುಜ ಒಳಕ್ಕಿಡಿದ್ರೆ ನಿಂಗಾಯ್ತದೆ. ಕತ್ತರಿ ಎಲ್ಲಿ... ಬೆರಳು ತೋರಿಸ್ಬ್ಯಾಡ ಬೋರಯ್ಯ, ಕಣ್ಮುಂದೇ ಐತೆ, ಕಾಣ್ತದೆ ನಂಗೆ.

ಕತ್ತರಿಸಕ್ಕೆ ಕೈ ಬತ್ತಿಲ್ಲ ಕಣ್ಲಾ.