ಆಯುಧಪೂಜೆಯ ಫ್ರಿಜ್

ದಸರಾ ರಜೆ ಮುಗಿದ ದಿನ ಸಂಜೆ ಮಾಗಡಿ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಬಂದು ಕುಳಿತರು: ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ, ಅಲ್ಲೇ ಕಸ ಗುಡಿಸುವ ಲಕ್ಷ್ಮಿದೇವಮ್ಮ.

“ಕುರಿ ಚರ್ಮ ಕೆರೆದು, ಆಸಿಡ್ಡಲ್ಲಿ ನೆನೆಸಿ, ಉಪ್ಪಾಕಿ, ಸೋಸಿ, ವಾರವೆಲ್ಲ ತೆಗೆದ ಕೊಲಾಜನ್ ಕಣಕ್ಕ, ಚರ್ಮದ ಪ್ರೋಟೀನು. ಪೂರ್ತಿ ಕೊಳ್ತೋಯ್ತು.”

“ಆಯುಧಪೂಜೆ ದಿನ ಮಿಶನ್ನಿಗೆ ರಜ ಕೊಡ್ಬೇಕಲ್ಲವ್ವ. ಕುಂಕುಮ ಇಕ್ಕಿ ಫ್ರಿಜ್ ಆಫ್ ಮಾಡ್ಬುಟ್ಟೆ.”

“ಅದು ತಣ್ಣಗೇ ಇರ್ಬೇಕಿತ್ತು.”

“ನಮ್ಮನೇಲಿ ಅವತ್ತು ಒನಕೆನೂ ಮುಟ್ಟಲ್ಲ.”

“ನಾಳೆ ಸಾರ್ ಕೇಳ್ತಾರೆ.”

“ನನ್ನೆಸ್ರು ಹೇಳು. ಕೆಲ್ಸ ಹೋದ್ರೆ ಹೋಯ್ತದೆ.”

ಹುಡುಗಿ ಅವಳ ಕಡೆ ತಿರುಗಿದಳು.

“ಮಂಗಳಾರತಿ ತಗಂಡು ಪುರಿ ತಿಂದೋಳು ನಾನೂ ತಾನೆ? ಇಬ್ರೂ ಸೇರಿ ಆಫ್ ಮಾಡುದ್ವಿ ಅಂತೀನಿ.”

“ಸುಳ್ಳ್ಯಾಕವ್ವ?”

“ಒಬ್ರಾದ್ರೆ ತೆಗೀತಾರೆ. ಇಬ್ರನ್ನೂ ಕೆಲ್ಸದಿಂದ ತೆಗೆದ್ರೆ ಚರ್ಮ ಕೆರೆಯೋರು ಯಾರಕ್ಕ?”

ಗುಡೇಮಾರನಹಳ್ಳಿ ಬಸ್ಸು ಬಂತು. ಇಬ್ಬರೂ ಎದ್ದು ಹೋದರು.