ಬಿಸಿನೀರಿನ ಮಿಷನ್ನಿನ ತಣ್ಣನೆ ಗಾಳಿ

ಆ ಬಾಗಿಲ ತಂಟೆ ಬುಟ್ಬುಡು ಉದಯಕುಮಾರ. ಟ್ಯಾಂಕು ಬಚ್ಚಲಲ್ಲಿ ಅದೆ, ರಿಪೇರಿಗೆ ಬಂದೋನು ಅದ್ನ ನೋಡು. ಬೆಳಿಗ್ಗೆ ಮಿಷನ್ನು ನಿಂತೋಯ್ತು, ಅಷ್ಟೇ ಸಮಾಚಾರ. ತಕೊ ಗ್ಯಾರಂಟಿ ಕಾಗದ. ‘ಮನೆ ಬಳಕೆಗೆ ಮಾತ್ರ’ ಅಂತ ಬರ್ದವ್ರೆ, ನಾನೂ ಓದಿವ್ನಿ. ಇದು ಮನೆ. ನಾವು ಬಳಸ್ತೀವಿ.

ಯಾಕ್ಲಾ ನಗ್ತಿಯೆ? ಶಿವಮ್ಮ ಸ್ಕೂಲು ಮೆಟ್ಲು ಅತ್ತಿಲ್ಲ ಅಂತ ನಮ್ಮ ಬಂಡಳ್ಳಿಯವ್ರು ಹೇಳಿರ್ತಾರೆ. ಸೋಪಿನ ಕಾಗದ ಓದಿ ಓದಿ ಅಕ್ಷರ ಕಲ್ತವಳು ಕಣ್ಲಾ ನಾನು. ಈ ಹೀಟ್ ಪಂಪ್ ತಕೊಳ್ಳೋಕೆ ಮುಂಚೆ ನಿಮ್ಮ ಕೊಳ್ಳೇಗಾಲದ ಅಂಗಡೀಲಿ ಮೂರು ತರದ್ದರ ಬುಕ್ಕು ಈಸ್ಕಂಡು ಬಂದು, ಡಿಕ್ಷನರಿ ಮಡಿಕ್ಕಂಡು ಒಂದು ವಾರ ಓದ್ದೆ. ಗೀಜರು ಕರೆಂಟಲ್ಲೇ ನೀರು ಕಾಯಿಸ್ತದೆ. ಇದು ಗಾಳೀಲಿರೋ ಬಿಸಿಯ ಎಳ್ಕಂಡು ನೀರಿಗೆ ತುಂಬ್ತದೆ, ಅದಕ್ಕೇ ಕರೆಂಟು ಮೂರರಲ್ಲೊಂದು ಪಾಲು ಸಾಕು. ಮೊದಲನೇದ್ರಲ್ಲಿ ಟ್ಯಾಂಕಿನ ತಲೆ ಮೇಲೇ ಪಂಪು, ಬ್ಯಾಡ ಅಂದೆ. ಎರಡನೇದು ಸದ್ದು ಕಮ್ಮಿ, ಗಾಳೀನೂ ಕಮ್ಮಿ. ಮೂರನೇದ್ರಲ್ಲಿ ಟ್ಯಾಂಕು ಬೇರೆ, ಪಂಪು ಬೇರೆ. ಪಂಪಿನ ಬಾಯಿಂದ ತಣ್ಣನೆ ಗಾಳಿ ಏನು ಜೋರು ಅಂತೀಯ... ಇದೇ ಕೊಡಿ ಅಂದೆ.

ನೀರು ಕಾಯಿಸೋಕೆ ಗಾಳಿ ಯಾಕೆ ನೋಡಿದ್ರಿ ಅಂದ್ರೆ... ನೋಡ್ದೆ. ನನ್ನಿಷ್ಟ.

ಏನದು ಟ್ಯಾಂಕಿನ ಲೆಕ್ಕದ ಡಬ್ಬೀಲಿ ತೋರಿಸ್ತಿಯೆ? ಪಂಪು ದಿನಕ್ಕೆ ಇಪ್ಪತ್ತೆರಡು ಗಂಟೆ ಓಡಿದೆ ಅಂತದಾ? ಓಡಿರ್ತದೆ. ಸ್ನಾನ ಮಾಡ್ತೀವಿ. ಇರೋರು ಇಬ್ರೇ, ನಾನು, ನಮ್ಮತ್ತೆ ದೊಡ್ಡಮಾದಮ್ಮ. ಇಬ್ರಿಗೂ ಕೊಳೆ ಜಾಸ್ತಿ.

ಟವಲ್ಲು ಎಗಲಿಗಾಕ್ಕಂಡು ಬೀದೀಲಿ ಸಾಲು ನಿಂತವ್ರಲ್ಲ, ಅವ್ರಾ? ಅವ್ರೂ ಮೀಯ್ತಾರೆ. ನೀರು ಕಾದ್ಮೇಲೆ ಪಂಪು ನಿಂತೋಯ್ತದಲ್ಲ, ಟ್ಯಾಂಕು ಖಾಲಿ ಮಾಡೋದು ಬ್ಯಾಡ್ವಾ? ಪಕ್ಕದ್ಮನೆ ರುದ್ರಸ್ವಾಮಿಗೆ ದಿನಕ್ಕೆ ಮೂರು ಸಲ ಸ್ನಾನ. ಗಂಡನ ಗುರುತೇ ಸಿಕ್ತಿಲ್ಲ ಅಂತಾಳೆ ಅವನೆಂಡ್ತಿ.

ಚಿಲಕ ಮುಟ್ಬ್ಯಾಡ ಅಂದ್ನಲ್ಲ. ಪಂಪು ಒಳಗಡೆ ಅದೆ, ಗೊತ್ತು. ಒಳಗೆ ಬಾಣಂತಿ ಅವ್ಳೆ.

ಬಾಣಂತಿ ಕೋಣೆಗೆ ತಣ್ಣನೆ ಗಾಳಿ ಬುಡ್ತಾರಾ ಅಂತೀಯಾ? ಸರಿ, ಬಾಣಂತಿ ಅಲ್ಲ. ನಮ್ಮತ್ತೆ. ವಯಸ್ಸಾಗದೆ, ಸೆಕೆ ತಡಿಯಾಕಿಲ್ಲ, ಮಲಗವ್ಳೆ.

ಯಾರು? ಜಗಲೀಲಿ ಕುಂತು ಎಲೆಅಡಿಕೆ ಕುಟ್ತಿರೋದಾ? ಅದು... ಅದೂ ನಮ್ಮತ್ತೇನೆ.

ಬರಕೊ, ಏನಾರ ಬರಕೊ. ಯಾಕೆ ಸುಮ್ನೆ ನಿಂತ್ಕಂಡೆ? ಮಾತಾಡ್ಲಾ. ಇಬ್ರೂ ಸುಮ್ನಾದ್ರೆ...

ಆ ಸದ್ದಾ? ಅದು ಮಳೆ. ಹೂಂ, ಕೋಣೆ ಒಳಗೇ ಬರ್ತದೆ.

ಅಂಗೆ ನೋಡ್ಬ್ಯಾಡ. ಆಯ್ತು. ರೇಷ್ಮೆ ಹುಳ. ಸೊಪ್ಪು ತಿಂತಿರೋ ಸದ್ದು ಅದು. ನಾಲ್ಕನೇ ಸಲ ಪೊರೆ ಬುಟ್ಟು, ಜ್ವರ ಎದ್ದು ಮೂರು ದಿನ ಆಯ್ತು, ಇನ್ನು ನಾಕು ದಿನ ತಂಪಾಗಿದ್ರೆ ಗೂಡು ಕಟ್ತಾವೆ. ಹೋದ ಸಲ ಸೆಕೆಗೆ ಒಂದು ತಟ್ಟೆ ಹುಳವೂ ಉಳೀನಿಲ್ಲ. ಬುಟ್ಟಿಗೆ ತುಂಬಿ ತುಂಬಿ ಗುಂಡೀಗೆ ಸುರಿದೆ. ಆದ್ರೂ ಬೆಳೆ ಚೆನ್ನಾಗಾಯ್ತು ಅಂತ ಊರಿಗೆಲ್ಲ ಸುಳ್ಳು ಹೇಳಿವ್ನಿ.

ಗ್ಯಾರಂಟಿ ಬ್ಯಾಡ, ಆ ಕಾಗದ ಹರಿದಾಕು. ಮೆಟ್ಟು ಆಚೆ ಬುಟ್ಟು, ಕೈ ತೊಳ್ಕಂಡು ಬಾ. ಮೆತ್ತಗೆ ಬಾ, ಬೇಗ ಬಾ. ಬಿಸಿಲು ಏರ್ತಾ ಅದೆ ಕಣಪ್ಪ.